ತೋಟದ ಮನೆಯೋ, ಕುಶಾಲನಗರವೋ, ಮೈಸೂರಿನ ಫ್ಲ್ಯಾಟೋ: ಹೊರದೇಶದಲ್ಲಿರುವ ಕೊಡಗಿನವರಿಗೆ

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಬೆಳಗಿನ ಜಾವ ಕಣ್ಣೂರಿನಲ್ಲಿ ಇಳಿದು, ಮಾಕುಟ್ಟ ಘಾಟಿ ಹತ್ತಿ, ಅಮ್ಮತ್ತಿ ಹತ್ತಿರದ ನಮ್ಮ ಮನೆ ತಲುಪಿದಾಗ ಒಂಬತ್ತು ಗಂಟೆ. ಬೀಗ ತುಕ್ಕು ಹಿಡಿದು ಕೂತಿತ್ತು. ತೆಂಗಿನೆಣ್ಣೆ ಬಿಟ್ಟು, ಕೀಲಿ ಅಲ್ಲಾಡಿಸಿ, ಹತ್ತು ನಿಮಿಷ ಒದ್ದಾಡಿದ ಮೇಲೆ ಬಾಗಿಲು ತೆರೆಯಿತು. ಒಳಗೆ ಒದ್ದೆ ನಾಯಿಯ ವಾಸನೆ. ಕಪಾಟಿನಲ್ಲಿ ತೂಗುಹಾಕಿದ್ದ ನನ್ನ ಮದುವೆ ಕೋಟಿನ ಭುಜದ ಮೇಲೆಲ್ಲ ಬೂದು ಹಸಿರು ಬೂಷ್ಟು. ಅಪ್ಪನ ಚರ್ಮದ ಚಪ್ಪಲಿಗೆ ಬೆಕ್ಕಿನ ಮರಿಯ ಹಾಗೆ ರೋಮ ಬಂದಿತ್ತು. ಮಗಳು ಹೊಸ್ತಿಲಲ್ಲೇ ನಿಂತು ಕಾಲುಚೀಲದ ಮೇಲಿನ ಜಿಗಣೆ ನೋಡಿ, "ಅಪ್ಪ, ಹೋಟೆಲ್‌ಗೆ ಹೋಗೋಣ್ವಾ?" ಎಂದಳು.

ನಾನು ಶಾರ್ಜಾಕ್ಕೆ ಹೋಗಿ ಹದಿನೈದು ವರ್ಷವಾಯಿತು. ನಮ್ಮಂಥವರಿಗೆ ಊರಿನ ಮನೆ ಈಗ ಹೊರದೇಶದ ಎರಡನೇ ಮನೆಯೇ. ಕೇಳಲು ಬೇಜಾರಾಗುತ್ತದೆ, ಆದರೆ ಲೆಕ್ಕಕ್ಕೆ ಕೂತರೆ ಅದೇ ಸತ್ಯ. ವಿಮಾನದ ಟಿಕೆಟ್ ಬೇಕು, ತೆರಿಗೆಯ ನಿಯಮ ಬೇರೆ, ಬ್ಯಾಂಕ್ ಖಾತೆ ಬೇರೆ, ವರ್ಷಕ್ಕೆ ಎಷ್ಟು ದಿನ ಇರಬಹುದು ಎಂಬುದಕ್ಕೂ ಮಿತಿ. ಆ ಜುಲೈ ಆದ ಮೇಲೆ ನಾನು, ನನ್ನ ಹೆಂಡತಿ ಎರಡು ವರ್ಷ ಇದನ್ನೇ ಚರ್ಚೆ ಮಾಡಿದೆವು. ಅಪ್ಪ ಬಿಟ್ಟುಹೋದ ತೋಟದ ಮನೆ ಇಟ್ಟುಕೊಳ್ಳುವುದಾ? ಕುಶಾಲನಗರದಲ್ಲಿ ಸಣ್ಣ ಮನೆ ಕೊಳ್ಳುವುದಾ? ಮೈಸೂರಿನಲ್ಲಿ ಫ್ಲ್ಯಾಟಾ? ಇಲ್ಲ, ಏನೂ ಬೇಡ ಅಂತ ಬಂದಾಗ ಹೋಮ್‌ಸ್ಟೇ ಹಿಡಿಯುವುದಾ?

ನಾವು ಕಲಿತದ್ದು ಒಂದೇ. ಸೈಟ್ ತೋರಿಸುವವರು ಡಿಸೆಂಬರಿನಲ್ಲಿ ಕರೆದುಕೊಂಡು ಹೋಗಿ ಮಂಜು ತೋರಿಸುತ್ತಾರೆ. ನೀವು ಮಾತ್ರ ಜುಲೈ ಬಗ್ಗೆ ಕೇಳಬೇಕು. ಜುಲೈಯಲ್ಲಿ, ನೀವಿಲ್ಲದಾಗ, ಆ ಮನೆಯ ಕಿಟಕಿ ತೆಗೆಯುವವರು ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಹೇಳಲು ಬಂದರೆ ಮುಂದಿನ ಮಾತು. ಬರದಿದ್ದರೆ ಎಷ್ಟೇ ಚೆಂದದ ಮನೆಯಾದರೂ ಅದು ನಿಮ್ಮದಾಗಿ ಉಳಿಯುವುದಿಲ್ಲ. ಗೆದ್ದಲಿನದಾಗುತ್ತದೆ.

ಕೊಳ್ಳಲು ಬಿಡುವುದು ಯಾವುದನ್ನು?

ಇದು ಗೊತ್ತಿಲ್ಲದೆ ಅಡ್ವಾನ್ಸ್ ಕೊಟ್ಟವರನ್ನು ನೋಡಿದ್ದೇನೆ, ಅದಕ್ಕೇ ಮೊದಲು ಹೇಳುತ್ತೇನೆ. ವಿದೇಶಿ ವಿನಿಮಯದ ಕಾನೂನು ಫೆಮಾ ಪ್ರಕಾರ ಎನ್‌ಆರ್‌ಐ ಆಗಲಿ, ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇರುವ ಭಾರತ ಮೂಲದವರಾಗಲಿ, ಭಾರತದಲ್ಲಿ ವಾಸದ ಮನೆ, ಫ್ಲ್ಯಾಟು, ಕೃಷಿಯಿಂದ ಪರಿವರ್ತನೆಯಾದ ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ಕೊಡಗಿನಲ್ಲಿ ಮಾರಾಟಕ್ಕಿರುವ ಜಾಗದಲ್ಲಿ ಮುಕ್ಕಾಲು ಪಾಲು ಇವೇ ಮೂರು, ಅಲ್ವಾ?

"2020ರಲ್ಲಿ ಕಾನೂನು ಬದಲಾಯಿತಲ್ಲ, ಈಗ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು" ಎಂದು ಬ್ರೋಕರ್‌ಗಳು ಹೇಳುತ್ತಾರೆ. ಅದು ಅರ್ಧ ನಿಜ. ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ಆಗ ತಿದ್ದುಪಡಿ ಆಗಿ, ರೈತರಲ್ಲದವರಿಗೆ ದಾರಿ ತೆರೆದದ್ದು ಹೌದು. ಆದರೆ ಅದು ರಾಜ್ಯದ ಕಾನೂನು. ಫೆಮಾ ಕೇಂದ್ರದ್ದು. ಬೆಂಗಳೂರಿನ ಐಟಿ ಹುಡುಗ ಕಾಫಿ ತೋಟ ಕೊಳ್ಳಬಹುದು, ದುಬೈನಲ್ಲಿರುವ ಅವನ ಅಣ್ಣ ಕೊಳ್ಳುವಂತಿಲ್ಲ. ಕಾಲು ಎಕರೆ ಕಾಫಿ ಗಿಡದ ಮಧ್ಯೆ ಒಂದು ಕಾಟೇಜ್, ನಿರ್ವಹಣೆ ನಮ್ಮದು ಅಂತ ಬರುವ ಜಾಹೀರಾತುಗಳಿವೆಯಲ್ಲ, ಅವುಗಳ ಆರ್‌ಟಿಸಿ (ಪಹಣಿ) ಕೇಳಿ ನೋಡಿ. ಕಾಫಿ ಅಂತ ಇದ್ದರೆ ಅಲ್ಲಿಗೆ ನಿಲ್ಲಿಸಿ.

ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಅಪ್ಪ ಬದುಕಿದ್ದಾಗಲೇ ತೋಟವನ್ನು ದಾನಪತ್ರ ಮಾಡಿ ನನ್ನ ಹೆಸರಿಗೆ ಬರೆಯಲು ಹೊರಟಿದ್ದರು. ವಿರಾಜಪೇಟೆಯ ವಕೀಲರು ತಡೆದರು. ಎನ್‌ಆರ್‌ಐಗೆ ಮನೆಯನ್ನು ದಾನ ಕೊಡಬಹುದು, ತೋಟವನ್ನು ಕೊಡುವಂತಿಲ್ಲ. ಉಯಿಲು ಬರೆದರೆ ಅಡ್ಡಿಯಿಲ್ಲ, ಅದು ಉತ್ತರಾಧಿಕಾರ. ಅಪ್ಪ ಉಯಿಲು ಬರೆದರು. ನಿಮ್ಮ ಅಪ್ಪ, ಅಮ್ಮನೂ ದಾನಪತ್ರದ ಮಾತಾಡುತ್ತಿದ್ದರೆ ಈ ವಾರವೇ ಫೋನ್ ಮಾಡಿ. ಮುಂದೊಂದು ದಿನ ತೋಟ ಮಾರುವುದಾದರೆ ಭಾರತದಲ್ಲೇ ನೆಲೆಸಿದವರಿಗೆ ಮಾತ್ರ ಮಾರಬಹುದು ಎಂಬುದೂ ನೆನಪಿರಲಿ.

ಅಮ್ಮನ ಹೆಸರಿನಲ್ಲಿ ಕೊಂಡುಬಿಡೋಣ ಎನ್ನುವವರಿಗೆ ಒಂದೇ ಮಾತು: ಆಗ ಅದು ಅಮ್ಮನ ಆಸ್ತಿ. ನಾಳೆ ತಂಗಿ, ತಮ್ಮ ಎಲ್ಲರಿಗೂ ಪಾಲಿದೆ. ಮನಸ್ಸು ಗಟ್ಟಿ ಇದ್ದರೆ ಮಾಡಿ.

ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಇನ್ನೊಂದು ಕೆಲಸ ಜಾಸ್ತಿ. ಆರ್‌ಟಿಸಿಯಲ್ಲಿ ಪಟ್ಟೆದಾರರ (ಮನೆತನದ ಮುಖ್ಯಸ್ಥರ) ಹೆಸರು, ಜೊತೆಗೆ ಕುಟುಂಬದ ಎಷ್ಟೋ ಜನರ ಹೆಸರು ಇರುತ್ತದೆ. ನಿಮ್ಮ ಪಾಲು ಬಾಯಿಮಾತಲ್ಲೇ ಇದ್ದರೆ ಮನೆ ರಿಪೇರಿಗೆ ದುಡ್ಡು ಸುರಿಯುವ ಮುಂಚೆ ಪಾಲುಪತ್ರ ಆಗಲಿ. ಗದ್ದೆಗೆ ಸೇರಿದ, ಮರಗಳಿರುವ ಜಾಗಕ್ಕೆ ಬಾಣೆ ಎನ್ನುತ್ತಾರೆ. ಅದರ ಮರಗಳ ಹಕ್ಕು ರಿಡೀಮ್ ಆಗಿದೆಯೋ, ಅಂದರೆ ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಂಡಾಗಿದೆಯೋ ಇಲ್ಲವೋ ಅದನ್ನೂ ನೋಡಿ. ಆಗದಿದ್ದರೆ ನಿಮ್ಮ ಮನೆ ಮೇಲೆ ಬಾಗಿದ ಬೀಟೆ ಮರ ಸರ್ಕಾರದ್ದು.

ತೋಟದ ಮನೆ

ಹೃದಯ ಹೇಳುವುದು ಇದನ್ನೇ. ಹೆಂಚಿನ ಮಾಡು, ಮುಂದೆ ಕಾಫಿ ಒಣಗಿಸುವ ಕಣ, ಹಿಂದೆ ಸೌದೆ ಕೊಟ್ಟಿಗೆ, ಹಂಡೆ ಒಲೆಯ ಬಿಸಿನೀರು. ಊರಲ್ಲಿ ಮನೆ ತೆರೆದಿದ್ದರೆ ಮದುವೆ ಕಾಗದ ಬರುತ್ತದೆ. ಮುಚ್ಚಿದರೆ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತದೆ.

ಆದರೆ ಖಾಲಿ ಬಿಟ್ಟರೆ ಬೇಗ ಹಾಳಾಗುವುದೂ ಇದೇ. ಮೇ ಮುಗಿಯುವ ಮುಂಚೆ ಹೆಂಚಿನ ಮೇಲಿನ ಎಲೆ ಗುಡಿಸಬೇಕು, ಒಡೆದ ಹೆಂಚು ಬದಲಾಯಿಸಬೇಕು, ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಬೇಕು. ಒಂದು ಹೆಂಚು ಜಾರಿದರೆ ಸಾಕು, ಮೂರು ತಿಂಗಳು ಒಂದೇ ಜಾಗಕ್ಕೆ ತೊಟ್ಟಿಕ್ಕುತ್ತದೆ. ಅಟ್ಟದ ಹಲಗೆ ಆಗಸ್ಟ್ ಹೊತ್ತಿಗೆ ಕೈಯಲ್ಲಿ ಅದುಮಿದರೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತದೆ. ನಾನು ಅದುಮಿ ನೋಡಿದ್ದೇನೆ.

ಕರೆಂಟಿನ ಕಥೆ ಬೇರೆ. ಮರ ಬಿದ್ದು ತಂತಿ ಹೋದರೆ ತೋಟದ ಲೈನ್‌ಗೆ ಸರದಿ ಬರುವುದು ಕೊನೆಗೆ. ನಾನು ಒಂದು ಕ್ಯಾಮೆರಾ ಹಾಕಿಸಿ ಶಾರ್ಜಾದಲ್ಲಿ ಕೂತು ಮನೆ ಕಾಯುತ್ತೇನೆ ಅಂದುಕೊಂಡಿದ್ದೆ. ಮೊದಲ ಮಳೆಗಾಲದಲ್ಲೇ ಒಂಬತ್ತು ದಿನ ಪರದೆ ಕಪ್ಪು. ಕರೆಂಟ್ ಇಲ್ಲ, ಇನ್ವರ್ಟರ್ ಖಾಲಿ, ನೆಟ್‌ವರ್ಕ್ ಇಲ್ಲ. ಕ್ಯಾಮೆರಾ ಕೆಲಸ ಮಾಡುವುದು ಯಾವ ತೊಂದರೆಯೂ ಇಲ್ಲದ ದಿನಗಳಲ್ಲಿ ಮಾತ್ರ. ಏಪ್ರಿಲ್, ಮೇ ತಿಂಗಳಿನ ಸಿಡಿಲಿಗೆ ಮೋಡೆಮ್, ಫ್ರಿಜ್ಜು, ಪಂಪ್‌ಸೆಟ್ಟು ಸುಟ್ಟುಹೋಗುವುದೂ ಮಾಮೂಲು. ಹೊರಡುವಾಗ ಮೇನ್ ಸ್ವಿಚ್ ಇಳಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಮರದ ತುಂಡು ಕೊಟ್ಟು ತೆರೆದೇ ಬಿಡಿ. ಕಪಾಟುಗಳೂ ತೆರೆದಿರಲಿ. ಹಾಸಿಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ.

ಆನೆಯ ಮಾತು. ಅಮ್ಮತ್ತಿ, ಸಿದ್ದಾಪುರ, ಮಾಲ್ದಾರೆ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆ ಹತ್ತಿರ ಹಲಸಿನ ಮರ ಇದ್ದರೆ, ಹಣ್ಣು ಕೀಳುವವರು ಇಲ್ಲದಿದ್ದರೆ, ಆನೆ ಬಂದು ಕಿತ್ತುಕೊಳ್ಳುತ್ತದೆ. ಬರುವ ದಾರಿಯಲ್ಲಿ ಬೇಲಿ, ಪೈಪು, ನೀರಿನ ತೊಟ್ಟಿ ಏನಿದ್ದರೂ ಅದಕ್ಕೆ ಲೆಕ್ಕ ಇಲ್ಲ. ಕಾಯಿ ಎಳೆಯದಾಗಿರುವಾಗಲೇ ಕೀಳಿಸಿಬಿಡಿ. ಕತ್ತಲಾದ ಮೇಲೆ ತೋಟದ ದಾರಿಗೆ ಟ್ಯಾಕ್ಸಿಯವರು ಬರಲು ಒಪ್ಪುವುದಿಲ್ಲ. ಆದ್ದರಿಂದ ವಿಮಾನದ ಸಮಯವನ್ನೂ ಆನೆಯ ಸಮಯ ನೋಡಿಕೊಂಡೇ ಆರಿಸಬೇಕು. ಇದು ತಮಾಷೆಗೆ ಹೇಳಿದ್ದಲ್ಲ.

ಕುಶಾಲನಗರ, ಮಡಿಕೇರಿ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಬರೀ 30 ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಅದರ ಮೂರರಲ್ಲಿ ಒಂದು ಪಾಲು. ಮನೆ ಖಾಲಿ ಬಿಡುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆರ್‌ಸಿಸಿ ಮನೆ, ಪಕ್ಕದಲ್ಲಿ ಜನ, ಪೇಟೆ ನಡೆದು ಹೋಗುವಷ್ಟು ದೂರ. ಮೈಸೂರಿಗೆ ಎರಡು ಗಂಟೆ. ನಿವೃತ್ತರಾದ ಮಿಲಿಟರಿಯವರು, ಟೀಚರುಗಳು ಇಲ್ಲಿ ಬಂದು ಮನೆ ಕಟ್ಟಿಕೊಂಡಿರುವುದು ಸುಮ್ನೆ ಅಲ್ಲ.

ಆದರೆ ಕಾವೇರಿ ಪಕ್ಕದಲ್ಲೇ ಇದ್ದಾಳೆ. 2018, 2019ರ ಆಗಸ್ಟಿನಲ್ಲಿ ಹೊಳೆ ಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮಾರುವವರು "ನಮ್ಮ ರಸ್ತೆಗೆ ಬಂದಿಲ್ಲ" ಎನ್ನುತ್ತಾರೆ. ಅವರನ್ನು ಕೇಳಬೇಡಿ. ಎರಡು ಮನೆ ಆಚೆ ಹೋಗಿ ಅಜ್ಜಿಯೊಬ್ಬರನ್ನು ಕೇಳಿ, ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ನಮಗೆ ಒಬ್ಬರು ತೋರಿಸಿದ್ದು ಸ್ವಿಚ್‌ಬೋರ್ಡಿನ ಎತ್ತರ. ನಾವು ಆ ಸೈಟ್ ಬಿಟ್ಟೆವು.

ಮಡಿಕೇರಿ ಪೇಟೆಯಲ್ಲಿ ನಾವು ಹುಡುಕಲೇ ಇಲ್ಲ. ಗುಡ್ಡ ಕಡಿದು ಮಾಡಿದ ಸೈಟು, ಹಿಂದೆ ನೇರ ನಿಂತ ಮಣ್ಣಿನ ಗೋಡೆ, ಮುಂದೆ ಇಳಿಜಾರು. 2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಹೀಗೆ ಮೂರು ವರ್ಷ ಬೆನ್ನುಬೆನ್ನಿಗೆ ಗುಡ್ಡ ಕುಸಿದದ್ದನ್ನು ದೂರದಲ್ಲಿ ಕೂತು ಫೋನಿನಲ್ಲಿ ನೋಡಿದವರಿಗೆ ಆ ಸೈಟ್ ಇಷ್ಟವಾಗುವುದು ಕಷ್ಟ. ಎಲ್ಲ ಜಾಗವೂ ಹಾಗಿಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಮಳೆಯ ಸುದ್ದಿ ನೋಡುವವನು ನಾನು ತಾನೆ?

ಮೈಸೂರಿನ ಫ್ಲ್ಯಾಟು

ನನ್ನ ಹೆಂಡತಿಯ ವೋಟು ಇದಕ್ಕೆ. ಅವಳು ಮೈಸೂರಿನವಳು, ಹಾಗಾಗಿ ಪೂರ್ತಿ ನ್ಯಾಯಾಧೀಶೆ ಅಲ್ಲ. ಆದರೂ ಅವಳ ವಾದದಲ್ಲಿ ಹುರುಳಿದೆ. ಕೀಲಿ ತಿರುಗಿಸಿ ಹೋಗಬಹುದು, ಕೀಲಿ ತಿರುಗಿಸಿ ಬರಬಹುದು. ಸೋರಿದರೆ ಅಸೋಸಿಯೇಷನ್‌ನವರು ಫೋನ್ ಮಾಡುತ್ತಾರೆ. ಬಾಡಿಗೆಗೆ ಕೊಟ್ಟರೂ ಜನ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯ, ಆಸ್ಪತ್ರೆ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದಿದೆ ನಿಜ. ಆದರೆ ಹೃದಯ, ಮೆದುಳು ಅಂತ ಬಂದರೆ ಇವತ್ತಿಗೂ ಆಂಬುಲೆನ್ಸ್ ಹೊರಡುವುದು ಮೈಸೂರಿಗೋ ಮಂಗಳೂರಿಗೋ. ಮನೆ ಬೇಕಾಗಿರುವುದು ವಯಸ್ಸಾದ ಅಪ್ಪ ಅಮ್ಮನಿಗಾದರೆ ನಾನೂ ಮೈಸೂರು ಎಂದೇ ಹೇಳುತ್ತೇನೆ.

ಮೈಸೂರಿನಿಂದ ಮಡಿಕೇರಿ 120 ಕಿಲೋಮೀಟರ್. ಸುಗ್ಗಿ ಹಬ್ಬ ಪುತ್ತರಿಗೆ ಬೆಳಿಗ್ಗೆ ಹೊರಟು ಹೋಗಬಹುದು. ಆದರೆ ಅದು ಊರಿಗೆ ಬಂದ ಹಾಗಲ್ಲ, ಊರನ್ನು ನೋಡಲು ಬಂದ ಹಾಗೆ. ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ನೀವೇ ಕಟ್ಟಬೇಕು.

ಯಾವುದೂ ಬೇಡ ಎಂದರೆ?

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು. ಕಳೆದ ಐದು ವರ್ಷದ ಪಾಸ್‌ಪೋರ್ಟ್ ಮುದ್ರೆ ನೋಡಿ ಕೊಡಗಿನಲ್ಲಿ ಎಷ್ಟು ರಾತ್ರಿ ಮಲಗಿದ್ದೀರಿ ಎಂದು ಎಣಿಸಿ. ನಮ್ಮದು ವರ್ಷಕ್ಕೆ ಸರಾಸರಿ ಹತ್ತೊಂಬತ್ತು ರಾತ್ರಿ ಬಂತು. ನಾನು ನಲವತ್ತು ಅಂದುಕೊಂಡಿದ್ದೆ! ಅತ್ತೆ ಮನೆ, ಬೆಂಗಳೂರಿನ ಮದುವೆ, ಧರ್ಮಸ್ಥಳ ಎಲ್ಲ ಕಳೆದು ಉಳಿದದ್ದು ಅಷ್ಟೇ. ಹತ್ತೊಂಬತ್ತು ರಾತ್ರಿಯ ಹೋಮ್‌ಸ್ಟೇ ಬಾಡಿಗೆಯ ಎದುರು, ನೋಡಿಕೊಳ್ಳುವವರ ಸಂಬಳ, ರಿಪೇರಿ, ಕಂದಾಯ, ಕರೆಂಟು ಬರೆದು ನೋಡಿ. ಹೊಸದಾಗಿ ಕೊಳ್ಳುವವರಿಗೆ ಈ ಲೆಕ್ಕದಲ್ಲಿ ಹೋಮ್‌ಸ್ಟೇ ಗೆಲ್ಲುತ್ತದೆ. ಹಿರಿಯರಿಂದ ಬಂದ ಮನೆ ಇರುವವರಿಗೆ ಲೆಕ್ಕವೇ ಬೇರೆ, ಅದನ್ನು ರೂಪಾಯಿಯಲ್ಲಿ ಬರೆಯಲು ಆಗುವುದಿಲ್ಲ.

ಯಾರು ನೋಡಿಕೊಳ್ಳುತ್ತಾರೆ

ಬೀಗ ಹಾಕಿ ಹೋಗುವುದು: ಮೈಸೂರಿಗೆ ಸರಿ, ಕುಶಾಲನಗರಕ್ಕೆ ಪರವಾಗಿಲ್ಲ, ತೋಟಕ್ಕೆ ಬೇಡ.

ಬಾಡಿಗೆಗೆ ಕೊಡುವುದು: ನೀವು ಎನ್‌ಆರ್‌ಐ ಆಗಿದ್ದರೆ ಬಾಡಿಗೆದಾರರು ಬಾಡಿಗೆಯಲ್ಲಿ 31.2 ಶೇಕಡಾ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಷ್ಟು ಬಾಡಿಗೆ ದಾಟಿದರೆ ಮಾತ್ರ ಎಂಬ ಮಿತಿಯೂ ಇಲ್ಲ. ಆಮೇಲೆ ನೀವು ರಿಟರ್ನ್ ಹಾಕಿ ವಾಪಸ್ ಕೇಳಬಹುದು. ತಿಂಗಳಿಗೆ ಎಂಟು ಸಾವಿರದ ಬಾಡಿಗೆದಾರರಿಗೆ ಇದನ್ನು ವಿವರಿಸಲು ಹೋದರೆ ಅವರು ಬೇರೆ ಮನೆ ನೋಡಿಕೊಳ್ಳುತ್ತಾರೆ. ಆದರೂ ನಿಯಮ ನಿಯಮವೇ, ಆಡಿಟರ್ ಹತ್ತಿರ ಮೊದಲೇ ಮಾತಾಡಿ. ಬಾಡಿಗೆ ಬೀಳಬೇಕಾದದ್ದು ಎನ್‌ಆರ್‌ಒ ಖಾತೆಗೆ, ಅಂದರೆ ಭಾರತದಲ್ಲಿ ಬರುವ ಆದಾಯಕ್ಕೆ ಎನ್‌ಆರ್‌ಐಗಳು ಇಡುವ ಖಾತೆಗೆ. ಹಳೆಯ ಉಳಿತಾಯ ಖಾತೆಯನ್ನೇ ಹಾಗೇ ನಡೆಸಿಕೊಂಡು ಬಂದವರು ಬೇಗ ಬದಲಾಯಿಸಿಕೊಳ್ಳಿ.

ಹೋಮ್‌ಸ್ಟೇ ಮಾಡಿ ಯಾರಿಗಾದರೂ ನಡೆಸಲು ಕೊಡುವುದು: ಆಸೆ ಹುಟ್ಟಿಸುವ ದಾರಿ. ಆದರೆ ಮನೆಯವರೂ ಅಲ್ಲೇ ಇದ್ದು ಅತಿಥಿಗಳನ್ನು ನೋಡಿಕೊಳ್ಳುವುದೇ ಹೋಮ್‌ಸ್ಟೇ. ಮಾಲೀಕ ಶಾರ್ಜಾದಲ್ಲಿ, ನಡೆಸುವವರು ಇನ್ನೊಬ್ಬರು ಎಂದಾದರೆ ಅದು ಲಾಡ್ಜ್. ನೋಂದಣಿಗೆ ಹೋದಾಗ ಈ ಪ್ರಶ್ನೆ ಬರುತ್ತದೆ. ವಿದೇಶಿ ಪಾಸ್‌ಪೋರ್ಟಿನ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡುವ ಕೆಲಸವೂ ಇದೆ. ನನ್ನ ಪರಿಚಯದವರೊಬ್ಬರು ಹೀಗೆ ಕೊಟ್ಟು, ಎರಡು ವರ್ಷದ ಮೇಲೆ ಬಂದು ನೋಡಿದರೆ ಅಜ್ಜನ ಕಾಲದ ಊಟದ ಮೇಜಿನ ಮೇಲೆ ಸಿಗರೇಟು ಸುಟ್ಟ ಕಲೆಗಳು, ಹನ್ನೊಂದು. ಅವರು ಎಣಿಸಿದ್ದರು.

ಒಂದು ಕುಟುಂಬವನ್ನು ಇರಿಸುವುದು: ನಾವು ಕೊನೆಗೆ ಮಾಡಿದ್ದು ಇದು. ತೋಟದ ಗುಮಾಸ್ತರಿಗೆಂದು ಇದ್ದ ಹಳೆಯ ರೈಟರ್ ಮನೆ ಖಾಲಿ ಬಿದ್ದಿತ್ತು. ಅದರ ಮಾಡು ಸರಿ ಮಾಡಿಸಿ, ಬಚ್ಚಲು ಕಟ್ಟಿಸಿ, ಗಂಡ ಹೆಂಡತಿ ಇಬ್ಬರನ್ನು ಇರಿಸಿದೆವು. ಸಂಬಳ ತಿಂಗಳು ತಿಂಗಳು ಬ್ಯಾಂಕಿಗೇ ಹೋಗುತ್ತದೆ. ಕೆಲಸ ಬರೆದು ಕೊಟ್ಟಿದ್ದೇವೆ. ವಾರಕ್ಕೆ ಎರಡು ದಿನ ಕಿಟಕಿ ತೆಗೆಯುವುದು. ಮಳೆಗಾಲದಲ್ಲಿ ಒಳಗಿನ ಒಲೆಗೆ ಬೆಂಕಿ ಹಾಕಿ ಹೊಗೆ ಆಡಿಸುವುದು. ಭಾನುವಾರ ಅಟ್ಟಕ್ಕೆ ಹತ್ತಿ ನೋಡಿ ಒಂದು ಫೋಟೋ ಕಳಿಸುವುದು. ಇಷ್ಟೇ. ಕಾಫಿ, ಕರಿಮೆಣಸಿನ ಲೆಕ್ಕವನ್ನು ಅವರ ತಲೆಗೆ ಹಾಕಿಲ್ಲ. ಅದು ಚಿಕ್ಕಪ್ಪನ ಮಗನದು. ಮನೆ ನೋಡುವವರು ಬೇರೆ, ಫಸಲು ನೋಡುವವರು ಬೇರೆ ಆಗಿದ್ದರೆ ಇಬ್ಬರ ಜೊತೆಗೂ ಸಂಬಂಧ ಉಳಿಯುತ್ತದೆ. ಮೊದಲು ಎರಡನ್ನೂ ಒಬ್ಬರಿಗೇ ಕೊಟ್ಟು ನಾವು ಜಗಳ ಮಾಡಿಕೊಂಡಾಗಿತ್ತು.

ಕಚೇರಿ ಕೆಲಸಕ್ಕೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಅಲ್ಲಿನ ಭಾರತದ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ಕಳಿಸಿ. ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ನಮ್ಮದು ಚಿಕ್ಕಪ್ಪನ ಬೀರುವಿನಲ್ಲಿ ಐದು ತಿಂಗಳು ಭದ್ರವಾಗಿತ್ತು, ಮತ್ತೆ ಮಾಡಿಸಿದೆವು. ಮಾರುವ ಅಧಿಕಾರ ಬೇಡ, ಕಂದಾಯ, ಕರೆಂಟು, ಖಾತೆ ಕೆಲಸ ಎಂದಷ್ಟೇ ಬರೆಸಿ.

ಯಾವ ವಿಮಾನ ನಿಲ್ದಾಣ

ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ. ಮೂರು ಕಡೆಯಿಂದ ಬರಬಹುದು. ಯಾವುದು ಒಳ್ಳೆಯದು ಎಂಬುದು ನಿಮ್ಮ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಕಣ್ಣೂರು ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾದಾಗ ದಕ್ಷಿಣ ಕೊಡಗಿನವರ ಭೂಪಟವೇ ಬದಲಾಯಿತು. ಮಟ್ಟನ್ನೂರಿನಲ್ಲಿರುವ ನಿಲ್ದಾಣದಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ, ಪೆರುಂಬಾಡಿ ದಾಟಿ ವಿರಾಜಪೇಟೆಗೆ ಸುಮಾರು 60 ಕಿಲೋಮೀಟರ್. ಗಲ್ಫಿನಿಂದ ಮೂರೂವರೆ ಗಂಟೆ ಹಾರಾಟ, ಎರಡೂವರೆ ಗಂಟೆ ಕಾರು, ಅಲ್ಲಿಗೆ ಮನೆ. ಕೊರತೆ ಏನೆಂದರೆ ಇಲ್ಲಿಗೆ ವಿದೇಶಿ ಏರ್‌ಲೈನ್‌ಗಳಿಗೆ ಅನುಮತಿ ಇಲ್ಲ, ನಮ್ಮ ದೇಶದವೇ ಬರಬೇಕು. ವಿಮಾನ ಕಡಿಮೆ, ಒಂದು ರದ್ದಾದರೆ ಮುಂದಿನದು ನಾಳೆಯೋ ನಾಡಿದ್ದೋ. ಓಣಂ, ವಿಷು, ಈದ್ ಹತ್ತಿರ ಬಂದರೆ ಮಲಯಾಳಿಗಳ ಜೊತೆ ನಾವೂ ಅದೇ ಸೀಟಿಗೆ ಗುದ್ದಾಡಬೇಕು. ಕೇರಳದ ಹಬ್ಬಗಳ ಪಟ್ಟಿ ಇಟ್ಟುಕೊಂಡು ಟಿಕೆಟ್ ಮಾಡುವ ಕನ್ನಡಿಗರು ನಾವು.

ಮಾಕುಟ್ಟ ರಸ್ತೆ ಕಾಡಿನೊಳಗಿನದು. ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಮಣ್ಣು ಕುಸಿದರೆ ಅರ್ಧ ದಿನ ನಿಲ್ಲಬೇಕಾಗಬಹುದು, ಭಾರಿ ವಾಹನಗಳಿಗೆ ಆಗಾಗ ನಿಷೇಧವೂ ಇರುತ್ತದೆ. ಅದು ರಾಜ್ಯದ ಗಡಿ ಎಂಬುದನ್ನೂ ಮರೆಯಬಾರದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಆ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು. ಮಾಮೂಲಿ ದಿನಗಳಲ್ಲಿ ಗಡಿಯ ತಲೆನೋವು ಟ್ಯಾಕ್ಸಿಯದು ಮಾತ್ರ. ಕೊಡಗಿನ ಟ್ಯಾಕ್ಸಿ ಕೇರಳಕ್ಕೆ ಹೋಗಲು ಪರ್ಮಿಟ್ ಬೇಕು, ಇಲ್ಲವೇ ಅಲ್ಲಿನ ತೆರಿಗೆ ಕಟ್ಟಿರಬೇಕು. ನಮ್ಮ ಡ್ರೈವರ್ ಒಮ್ಮೆ ಕಟ್ಟಿರಲಿಲ್ಲ. ಬೆಳಗಿನ ಐದು ಗಂಟೆಗೆ ನಾವು ನಾಲ್ವರು, ಆರು ಪೆಟ್ಟಿಗೆ, ಕೂಟುಪುಳದ ಚೆಕ್‌ಪೋಸ್ಟಿನಲ್ಲಿ ಒಂದು ಗಂಟೆ ನಿಂತೆವು. ಬುಕ್ ಮಾಡುವಾಗ "ಪರ್ಮಿಟ್ ಇದೆಯಾ?" ಎಂದು ಕೇಳಿ, ಫೋಟೋ ತರಿಸಿಕೊಳ್ಳಿ.

ಮಂಗಳೂರು: ಮನೆ ಸಂಪಾಜೆ, ಮದೆನಾಡು, ಮಡಿಕೇರಿ ಕಡೆ ಇದ್ದರೆ ಇದು ಸಮೀಪ. ಬಜ್ಪೆಯಿಂದ ಸುಳ್ಯ ದಾಟಿ ಬಂದರೆ ನಾಲ್ಕು ಗಂಟೆ. ರಾಜ್ಯ ದಾಟುವ ತಲೆನೋವಿಲ್ಲ. ಆದರೆ 2018ರಲ್ಲಿ ಮಡಿಕೇರಿ ಸಂಪಾಜೆ ನಡುವೆ ಹೆದ್ದಾರಿಯೇ ಕುಸಿದು ವಾರಗಟ್ಟಲೆ ಬಂದ್ ಆಗಿತ್ತು. ಜುಲೈ, ಆಗಸ್ಟಿನಲ್ಲಿ ಬರುವುದಾದರೆ ಹೊರಡುವ ಹಿಂದಿನ ದಿನ ರಸ್ತೆಯ ಸುದ್ದಿ ಕೇಳದೆ ಹೊರಡಬೇಡಿ.

ಬೆಂಗಳೂರು: ದೂರ. ದೇವನಹಳ್ಳಿಯಿಂದ ನಮ್ಮ ಮನೆಗೆ ಆರೇಳು ಗಂಟೆ. ಆದರೆ ವಿಮಾನ ರದ್ದಾದರೆ ಇನ್ನೊಂದಿದೆ, ಘಾಟಿ ಇಲ್ಲ, ದೊಡ್ಡ ಏರ್‌ಲೈನ್‌ಗಳಿವೆ. ಲಂಡನ್ ಕಡೆಯಿಂದ, ಫ್ರಾಂಕ್‌ಫರ್ಟ್ ಕಡೆಯಿಂದ ಬರುವವರಿಗೆ ಬೇರೆ ಯೋಚನೆಯೇ ಬೇಡ, ಇದೇ. 2023ರಲ್ಲಿ ಎಕ್ಸ್‌ಪ್ರೆಸ್ ವೇ ಆದ ಮೇಲೆ ಮೈಸೂರಿನವರೆಗೆ ಸಲೀಸು, ನಿಲ್ದಾಣದಿಂದಲೇ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಕುಶಾಲನಗರ, ಸೋಮವಾರಪೇಟೆಯವರಿಗೆ ವರ್ಷದ ಹನ್ನೆರಡು ತಿಂಗಳೂ ನಾನು ಇದನ್ನೇ ಹೇಳುತ್ತೇನೆ.

ನಾವು ಮಾಡುವುದು ಹೀಗೆ: ಡಿಸೆಂಬರಿನಲ್ಲಿ ಕಣ್ಣೂರು, ಜುಲೈಯಲ್ಲಿ ಬೆಂಗಳೂರು. ಮಳೆಗಾಲದಲ್ಲಿ ಮೈಸೂರಿನಲ್ಲಿ ಅತ್ತೆ ಮನೆಯಲ್ಲಿ ಒಂದು ರಾತ್ರಿ ತಂಗಿ, ಬೆಳಕಿನಲ್ಲಿ ಕೊಡಗು ಹತ್ತುತ್ತೇವೆ. ಅತ್ತೆಗೂ ಖುಷಿ.

ಯಾವಾಗ ಬರುವುದು, ಎಷ್ಟು ದಿನ

ಗಲ್ಫಿನ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್. ಕೊಡಗಿನ ಮಳೆಯೂ ಆಗಲೇ. ಮನೆ ಅತಿ ಕೆಟ್ಟದಾಗಿರುವ ತಿಂಗಳಿನಲ್ಲಿ, ಟಿಕೆಟ್ ಅತಿ ದುಬಾರಿ ಇರುವಾಗ, ನಾವು ಊರಿಗೆ ಬರುತ್ತೇವೆ. ಮಕ್ಕಳು ಸಣ್ಣವರಿರುವವರೆಗೆ ಇದನ್ನು ಬದಲಾಯಿಸಲು ಆಗುವುದಿಲ್ಲ. ಇದ್ದದ್ದರಲ್ಲಿ ಆಗಸ್ಟ್ 3 ಸಿಗುವ ಹಾಗೆ ನೋಡಿಕೊಳ್ಳಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಅದು. ಆ ದಿನದ ಮದ್ದುಸೊಪ್ಪಿನ (ಔಷಧಿ ಗಿಡದ) ಪಾಯಸದ ನೇರಳೆ ಬಣ್ಣ, ಮಾರನೇ ದಿನ ಬಚ್ಚಲಲ್ಲಿ ಕಾಣುವ ಬಣ್ಣ, ಎರಡೂ ನಮ್ಮ ಮಕ್ಕಳಿಗೆ ಇಡೀ ರಜೆಯ ದೊಡ್ಡ ಸುದ್ದಿ. ಹೋಟೆಲ್ ಕೇಳಿದ ಮಗಳೇ ಈಗ ಅದಕ್ಕೆ ದಿನ ಎಣಿಸುತ್ತಾಳೆ.

ದಿನ ಎಣಿಸುವುದು ದೊಡ್ಡವರಿಗೂ ಇದೆ. ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ತೆರಿಗೆಗೆ ನೀವು ಇಲ್ಲಿನ ನಿವಾಸಿ. ಭಾರತದ ಆದಾಯ 15 ಲಕ್ಷ ದಾಟುವವರಿಗೆ 120 ದಿನಕ್ಕೇ ಗೆರೆ ಬೀಳಬಹುದು. ಆ ಕಡೆ, ಯುಎಇಯ ಮಾಮೂಲಿ ವೀಸಾ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಹೋಗುತ್ತದೆ. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಇರುವವರು ಐದು ವರ್ಷದಲ್ಲಿ 730 ದಿನ ಅಲ್ಲೇ ಇರಬೇಕು. ನಿವೃತ್ತಿ ಹತ್ತಿರ ಬಂದು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಎನ್ನುವವರು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳಲೇಬೇಕು.

ಇನ್ನು ಕೆಲವು ಚಿಲ್ಲರೆ ವಿಷಯ. ಭಾರತದ ಸಿಮ್ 90 ದಿನ ಬಳಸದಿದ್ದರೆ ನಂಬರ್ ಹೋಗಬಹುದು. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು, ಸಣ್ಣ ರೀಚಾರ್ಜ್ ಹಾಕುತ್ತಿರಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಬಂದ ತಕ್ಷಣ ಆಧಾರ್ ಮಾಡಿಸಬಹುದು, ಇ-ಖಾತೆಗೆ ಬೇಕಾಗುತ್ತದೆ. ಮನೆ ವಿಮೆ ಮಾಡಿಸಿ. 2021ರಿಂದ ಎಲ್ಲ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ, ಗುಡ್ಡ ಕುಸಿತ ಎರಡೂ ಸೇರಿವೆ. ಮನೆ ತಿಂಗಳುಗಟ್ಟಲೆ ಖಾಲಿ ಇದ್ದರೂ ನಡೆಯುತ್ತದಾ ಎಂದು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಕಾರು ಬಿಟ್ಟುಹೋಗುವುದನ್ನು ನಾವು ನಿಲ್ಲಿಸಿದೆವು. ಬ್ಯಾಟರಿ ಸತ್ತರೆ ಸರಿ ಮಾಡಬಹುದು, ಇಲಿ ವಯರಿಂಗ್ ಕಡಿದರೆ ರಜೆಯ ಮೊದಲ ವಾರ ಗ್ಯಾರೇಜಿನಲ್ಲೇ. ಬಂದಾಗ ಬಾಡಿಗೆ ಜೀಪು ಸಾಕು.

ಬೀಗ ಹಿತ್ತಾಳೆಯದೇ ಕೊಳ್ಳಿ. ಕೀಲಿ ಮೂರು ಮಾಡಿಸಿ. ನಮ್ಮದು ಒಂದು ಶಾರ್ಜಾದಲ್ಲಿ, ಒಂದು ರೈಟರ್ ಮನೆಯಲ್ಲಿ, ಇನ್ನೊಂದು ಚಿಕ್ಕಮ್ಮನ ಅಡುಗೆಮನೆಯ ಉಪ್ಪಿನ ಭರಣಿಯ ಹಿಂದೆ. ಕಳೆದ ಸಲ ನಾವು ಬಂದಾಗ ಮೂರೂ ಬೇಕಾಗಲಿಲ್ಲ. ಬಾಗಿಲು ತೆರೆದಿತ್ತು, ಒಲೆಯಲ್ಲಿ ಬೆಂಕಿ ಇತ್ತು.